ವಿರೋಧ: ಒಬ್ಬರು

ಮೂರನೆಯ ರೊಟ್ಟಿ ಹಂಚಿಗೆ ಹಾಕಿ ನೀರು ಸವರುತ್ತಿದ್ದೆ. ಬಾಗಿಲಲ್ಲಿ ಕಾರು ನಿಂತಿತು. ಹನ್ನೊಂದಕ್ಕೆ ಬರುತ್ತೇನೆಂದಿದ್ದ ವಿಧಾನ ಪರಿಷತ್ ಸದಸ್ಯ ಬಸಲಿಂಗಯ್ಯನವರು ಬಬಲೇಶ್ವರದ ಕಡೆಯಿಂದ ಎಂಟಕ್ಕೇ ಬಂದುಬಿಟ್ಟಿದ್ದರು. ಮೇಲ್ಮನೆಯ ಅವರ ಸ್ಥಾನಕ್ಕೆ ಊರಿನವರೆಲ್ಲ ಮತ ಹಾಕುವಂತಿಲ್ಲ; ಪಂಚಾಯ್ತಿ ಸದಸ್ಯರಂಥವರಷ್ಟೇ ಹಾಕಬೇಕು. ಹೊನವಾಡದ ನಮ್ಮ ಮನೆಯಲ್ಲಿ ಆ ಮತ ಪಂಚಾಯ್ತಿಗೆ ಗೆದ್ದಿರುವ ನನ್ನ ಅತ್ತೆ ಗುರುಬಸವ್ವನವರದು.

"ಶೈಲಾ, ಚಾಪಿ ಹಾಸವ್ವ," ಎಂದೆ. ಚಾಪೆ ಹಾಸಿ ಬಂದ ಮಗಳು ತನ್ನ ಹಾಳೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಳು.

ಆ ಹಾಳೆಗಾಗಿ ಅವಳು ಎರಡು ಸಲ ತಿಕೋಟಾದ ಝೆರಾಕ್ಸ್ ಅಂಗಡಿಗೆ ಹೋಗಿದ್ದಳು. ಪರಿಷತ್ತಿನ ಕಲಾಪದ ಪುಟ ಅದು. ಮೇಲ್ಮನೆಯನ್ನು ಸುಧಾರಿಸಬೇಕು, ಪಂಚಾಯ್ತಿಯವರಿಂದ ಮತ ತೆಗೆದು ಓದಿದವರಿಗಷ್ಟೇ ಕೊಡಬೇಕು ಎಂಬ ನಿರ್ಣಯ ಬಂದ ದಿನದ್ದು. ಪರವಾಗಿ ಎದ್ದು ನಿಂತವರ ಹೆಸರು ಪುಟದ ತುಂಬ. ಕೆಳಗೆ, ವಿರೋಧ: ಒಬ್ಬರು. ಆ ಒಬ್ಬರು ಬಸಲಿಂಗಯ್ಯ. "ಹೆಬ್ಬೆಟ್ಟು ಒತ್ತುವ ನಮ್ಮ ತಾಯಂದಿರಿಗೂ ಯಾರನ್ನು ಕಳಿಸಬೇಕೆಂಬುದು ಗೊತ್ತು. ಅವರನ್ನು ಕೇಳಿ ನೋಡಿ," ಎಂದಿದ್ದರು. ಪಾತ್ರೆ ತಿಕ್ಕುತ್ತ ನಾನು ಅದನ್ನು ಮೂರು ಸಲ ಓದಿಸಿ ಕೇಳಿದ್ದೆ. ತಮ್ಮ ಪಕ್ಷದವರೂ ಆಚೆ ನಿಂತಿರುವಾಗ ಒಬ್ಬರೇ ಏಳುವುದೆಂದರೆ! ಮೈ ಜುಂ ಎಂದಿತ್ತು.

ಶೈಲಾ ಹೊರಗಿನವರ ಮುಂದೆ ಮಾತಾಡುವವಳಲ್ಲ. ಶಾಲೆಯಲ್ಲಿ ಹಾಜರಿಗೂ ಕೈ ಎತ್ತುತ್ತಾಳಷ್ಟೇ, ದನಿ ಬರುವುದಿಲ್ಲ. ಅಂಥವಳು, "ಒಬ್ಬರ ನಿಂತಾಗ ಅಂಜಿಕಿ ಬರಲಿಲ್ಲೇನ್ರಿ ಅಂತ ಕೇಳ್ತೇನಿ ಯವ್ವಾ," ಎಂದು ವಾರದಿಂದ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ನಮ್ಮ ಕಡೆ ಗೆದ್ದವಳು ಹೆಂಗಸಾದರೂ ಮನೆಯ ಗಂಡಸನ್ನೇ ಮೆಂಬರ್ ಎನ್ನುವುದು ರೂಢಿ. ಬಸಲಿಂಗಯ್ಯನವರು ಕುಳಿತವರೇ ನನ್ನ ಗಂಡ ಚೇತನಕುಮಾರರ ಕೈ ಹಿಡಿದರು.

"ಏನ್ ಮೆಂಬರ್ರ, ಈ ಸಲಾನೂ ಮತಾ ನಮಗ ಐತಲ್ರಿ?"

"ಅದೇನ್ ಕೇಳ್ತೀರಿ ಸಾಹೇಬ್ರ. ನಾ ಹೇಳಿದ್ರ ನಮ್ಮವ್ವ ಒಲ್ಲೆ ಅಂತಾಳೇನು?"

ಮೂಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನನ್ನ ಹೆಬ್ಬೆಟ್ಟ ಅಷ್ಟ ಕೊಯ್ಕೊಂಡು ಒಯ್ರಿ. ನಾ ಇಲ್ಲೇ ಕಾಳ ಆರಿಸ್ಕೋತ ಇರ್ತೇನಿ."

ಎಲ್ಲರೂ ನಕ್ಕರು. ಬಸಲಿಂಗಯ್ಯನವರೂ ನಕ್ಕರು.

ಶೈಲಾ ನಗಲಿಲ್ಲ. ಹಾಳೆ ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ನಡೆದು ಹೋಗಿ ಎಲ್ಲರ ನಡುವೆ ನಿಂತಳು. ರೊಟ್ಟಿ ಸೀಯುತ್ತಿತ್ತು, ತಿರುವಿ ಹಾಕಲು ನನಗೆ ಕೈಯೇ ಬರಲಿಲ್ಲ.

"ಏನ್ ಬೇಕಬೇ ತಂಗಿ?" ಎಂದರು ಬಸಲಿಂಗಯ್ಯನವರು.

ಅವಳ ತುಟಿ ಎರಡು ಸಲ ಅಲುಗಿತು.

"ಆಕಿ ಮಾತಾಡಂಗಿಲ್ರಿ ಸಾಹೇಬ್ರ," ಎಂದರು ನನ್ನ ಗಂಡ.

ಶೈಲಾ ಹಾಳೆಯನ್ನು ಸಾಹೇಬರ ಮುಂದೆ ಹಿಡಿದಳು. ಆ ಒಂದೇ ಹೆಸರಿನ ಮೇಲೆ ಅವಳು ಬೆರಳಿಟ್ಟಳು. ಹದಿಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳದ ದನಿ ಅದು. ಸಣ್ಣದು, ಆದರೆ ಪಡಸಾಲೆಯ ಕೊನೆಯವರೆಗೆ ಕೇಳಿಸಿತು.

"ನಮ್ಮ ಆಯಿ ಅಂಥವರನ್ನ ಕೇಳ್ರಿ ಅಂತ ಅವತ್ತು ನೀವು ಒಬ್ಬರ ಎದ್ದು ನಿಂತಿದ್ರಿ. ಇವತ್ತು ಆಯಿ ಇಲ್ಲೇ ಕುಂತಾಳ. ಆಕಿನ್ನ ಯಾಕ ಕೇಳವಲ್ರಿ?"