ಕಲ್ಲಿನಲ್ಲಿ ಹಿಡಿಯದ ಅರ್ಧ

ಗಂಜಿಯ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಕನ್ನಡಕಕ್ಕೆ ಹಬೆ ಹಿಡಿಯುತ್ತದೆ, ಆಸ್ಪತ್ರೆಯ ಗೇಟು, ಗೇಟಿನ ಹೊರಗಿನ ಸಾಲು, ಸಾಲಿನವರ ಕೈಯ ಸ್ಟೀಲಿನ ಡಬ್ಬಿಗಳು, ಎಲ್ಲ ಬಿಳಿ, ಒರೆಸಲು ಹೋಗುವುದಿಲ್ಲ, ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಸೌಟು ಅಂದಾಜಿನಲ್ಲೇ ಇಳಿಯಬೇಕು, ತಳದಿಂದ ತಿರುಗಿಸಿ ಎತ್ತಬೇಕು, ಇಲ್ಲದಿದ್ದರೆ ಮುಂದೆ ನಿಂತವರಿಗೆಲ್ಲ ತಿಳಿ, ಕೊನೆಯವರಿಗೆಲ್ಲ ಅನ್ನ — ಗ್ಲಾಡಿಸ್ ಆಂಟಿ ಮೊದಲ ದಿನ ಹೇಳಿಕೊಟ್ಟದ್ದು ಇದು, ಮತ್ತೆ ಯಾರನ್ನೂ ಎಂತ ಕಾಯಿಲೆ ಎಂದು ಕೇಳಬಾರದು, ಯಾರಿಗೂ ಬೋಧನೆ ಮಾಡಬಾರದು, ನಮ್ಮ ಚರ್ಚಿನ ಸಭೆಯ ಹೆಸರನ್ನು ವ್ಯಾನಿನ ಮೇಲೆ ಬರೆಸುವುದೂ ಬೇಡ, ಗಂಜಿಗೆ ಬಂದವರಿಗೆ ಗಂಜಿ ಕೊಡು, ಸಾಕು. ಕುಚ್ಚಲಕ್ಕಿಯ ವಾಸನೆ ಬರುತ್ತಿದೆ ಎಂದು ತಿಳಿಯುತ್ತದೆ, ಕರೆಂಟು ಬಂದಿದೆ ಎಂದು ಪಕ್ಕದ ಮನೆಯ ದೀಪ ನೋಡಿ ತಿಳಿಯುವ ಹಾಗೆ, ನನ್ನ ಗಂಡ ಗೇವಿನ್ ಹೋದಮೇಲೆ ಎಲ್ಲವೂ ಹಾಗೆಯೇ, ಮೊನ್ನೆ ಪಾತ್ರೆಯ ಅಂಚು ತಾಗಿ ಮುಂಗೈ ಸುಟ್ಟದ್ದು ಕಾಲೇಜಿನಲ್ಲಿ ಪಾಠ ಮಾಡುವಾಗ ಗುಳ್ಳೆ ನೋಡಿಯೇ ಗೊತ್ತಾದದ್ದು. ಟೀಚರೇ, ನಿನ್ನೆ ನನ್ನ ಡಬ್ಬಿಯಲ್ಲಿ ಅನ್ನ ಹುಡುಕ್ಲಿಕ್ಕೆ ಸಮುದ್ರಕ್ಕೆ ಮುಳುಗುವವರನ್ನು ಕರೀಬೇಕಿತ್ತು, ಇದು ನೋಣಯ್ಯಣ್ಣ, ಅವರ ಹೆಂಡತಿ ಅಕ್ಕು ಹೆಂಗಸರ ವಾರ್ಡಿನಲ್ಲಿದ್ದಾರೆ, ಇವತ್ತು ಗಟ್ಟಿ ಉಂಟು ನೋಡಿ ನೋಣಯ್ಯಣ್ಣ ಎನ್ನುತ್ತೇನೆ, ಹಾಗಾದ್ರೆ ಉಪ್ಪಿನಕಾಯಿ ಸ್ವಲ್ಪ ಜಾಸ್ತಿ ಹಾಕಿ, ಬಿಪಿ ಉಂಟಲ್ಲ ಮಾರಾಯ್ರೇ ಎಂದು ವ್ಯಾನಿಗೆ ಒರಗಿದ ಗ್ಲೆನ್ ಹೇಳುತ್ತಾನೆ, ಬಿಪಿ ಇರುವುದು ಅಕ್ಕುವಿಗೆ, ಅವಳು ಮೇಲೆ ಮಲಗಿದ್ದಾಳೆ, ಇಳಿದು ಬಂದು ನೋಡ್ತಾಳಾ. ಸಾಲು ನಗುತ್ತದೆ. ನಾನೂ ನಗುತ್ತೇನೆ, ಮುಖಕ್ಕೆ ನಗುವುದು ಮರೆತಿಲ್ಲ.

ಗ್ಲೆನ್ ಚಟ್ನಿಯ ಪಾತ್ರೆ ಕೆಳಗಿಟ್ಟು ಹತ್ತಿರ ಬರುತ್ತಾನೆ, ಗೇವಿನ್‌ನ ಜೊತೆಗೇ ಸಂಡೇಸ್ಕೂಲಿಗೆ ಹೋದವ, ಈಗ ಬ್ಯಾಂಕಿನಲ್ಲಿ ಮ್ಯಾನೇಜರು, ಹೇಳಲು ಕಷ್ಟದ ಮಾತಿದ್ದರೆ ಕೆಮ್ಮುತ್ತಾನೆ, ಕೆಮ್ಮಿದ, ಆನ್ಸಿ, ಆಂಟಿಯ ಮೊಣಕಾಲು ಊದಿದೆಯಂತೆ, ಇವತ್ತು ಬರುವುದಿಲ್ಲ, ಮೂರನೇ ಮಾಳಿಗೆಯಲ್ಲಿ ಐಸಿಯು ಹೊರಗೆ ಒಂದು ಹುಡುಗಿ ಕೂತಿದ್ದಾಳೆ, ಗಂಡ ಒಳಗೆ, ಅವಳು ಕೆಳಗೆ ಇಳಿಯುವುದೇ ಇಲ್ಲ, ಆಂಟಿಯೇ ಕೊಂಡುಹೋಗಿ ಕೊಡ್ತಿದ್ದದ್ದು, ನಾನು ಹೋಗ್ಲಿಕ್ಕೆ ಆಗ್ತದೆ, ಆದ್ರೆ ಒಬ್ಬಳೇ ಇರುವ ಹುಡುಗಿ, ಗುರುತಿಲ್ಲದ ಗಂಡಸು ಹೋದ್ರೆ ಸರಿಯಾಗುವುದಿಲ್ಲ, ನಿನಗೆ ಬೇಡಾಂತ ಆದ್ರೆ ಬೇಡ, ವಾರ್ಡಿನ ಸಿಸ್ಟರ್ ಹತ್ತಿರ ಹೇಳುವ. ಅವನಿಗೆ ಗೊತ್ತು, ಸಭೆಯಲ್ಲಿ ಎಲ್ಲರಿಗೂ ಗೊತ್ತು, ಆ ಮಾಳಿಗೆಯಲ್ಲೇ, ಅದೇ ಬಾಗಿಲಿನ ಒಳಗೆ ಗೇವಿನ್ ತೀರಿಹೋದದ್ದು, ಅಂದಿನಿಂದ ನಾನು ಈ ಗೇಟು ದಾಟಿಲ್ಲ, ದಿನಾ ಬೆಳಿಗ್ಗೆ ಗೇಟಿನ ಹೊರಗೆ ನಿಂತು ಬಡಿಸುತ್ತೇನೆ, ಕಾಲೇಜಿಗೆ ಹೋಗುತ್ತೇನೆ, ಗೇಟಿನ ಒಳಗೆ ಆಂಟಿ, ಹೊರಗೆ ನಾನು, ಯಾರೂ ಬಾಯಿಬಿಟ್ಟು ಮಾಡಿಕೊಳ್ಳದ ಒಪ್ಪಂದ. ಇಲ್ಲ, ನಾನೇ ಹೋಗ್ತೇನೆ ಎನ್ನುತ್ತೇನೆ. ನನ್ನದೇ ದನಿ, ನಡುಗಿಲ್ಲ. ಬಡಿಸುವುದು ಮುಗಿಯಲಿ.

ನಂತೂರು ಸರ್ಕಲ್ ದಾಟುವಾಗ ಗೇವಿನ್ ಪ್ರತಿ ಸಲ ಹೇಳುತ್ತಿದ್ದ, ಇಲ್ಲಿ ಸಿಗ್ನಲ್ ಎಂದರೆ ಲಾರಿಯ ಹಾರ್ನು, ಹಿಂದೆ ಕೂತ ನಾನು ಅವನ ಹೆಗಲು ಹಿಡಿದುಕೊಳ್ಳುತ್ತಿದ್ದೆ, ಅವತ್ತು ಬೈಕಿನಲ್ಲಿ ಒಬ್ಬನೇ ಇದ್ದ, ಮಳೆ ಶುರುವಾಗಿ ರಸ್ತೆಯಲ್ಲಿ ಎಣ್ಣೆ ತೇಲುವ ದಿನಗಳು, ಯಾರ ತಪ್ಪೂ ಅಲ್ಲ ಎಂದರು, ಆ ಮಾತನ್ನು ಎಲ್ಲಿ ಇಡಬೇಕೆಂದು ನನಗೆ ಇನ್ನೂ ಗೊತ್ತಿಲ್ಲ. ಮಣ್ಣು ಕೊಡುವಾಗ ಕೀರ್ತನೆಯ ನಂಬರು ಹೇಳಿದರು, ಅರ್ಧ ಜನರ ಕೈಯಲ್ಲಿ ಹಳೇ ಪುಸ್ತಕ, ಅರ್ಧ ಜನರ ಕೈಯಲ್ಲಿ ಹೊಸತು, ಒಂದು ಕಡೆ ಮರಣದ ಹಾಡು, ಇನ್ನೊಂದು ಕಡೆ ಬೆಳೆಹಬ್ಬದ್ದು, ಎರಡೂ ಒಂದೇ ರಾಗಕ್ಕೆ ಹೇಗೋ ಹೊಂದಿಕೊಂಡು ಮೊದಲ ಚರಣ ಮುಗಿದೇ ಹೋಯಿತು, ಗೇವಿನ್ ಇದ್ದಿದ್ದರೆ ವಾರವಿಡೀ ಹೇಳಿಕೊಂಡು ನಗುತ್ತಿದ್ದ, ಇವನಿಗೆ ಹೇಳಬೇಕು ಎಂದುಕೊಂಡೆ, ಪೆಟ್ಟಿಗೆ ಇಳಿಯುತ್ತಿತ್ತು, ಅಲ್ಲಿಂದ ಮುಂದೆ ಏನೂ ಅನಿಸಿಲ್ಲ. ಎಲ್ಲರೂ ವಿಶ್ರಾಂತಿ ತಗೋ ಎಂದರು. ಪ್ರಿನ್ಸಿಪಾಲರು ರಜೆ ಕೊಟ್ಟರು, ಡಾಕ್ಟರು ಮಾತ್ರೆ ಕೊಟ್ಟರು, ಮಾವ ಅಡುಗೆಮನೆಗೆ ಬರಲು ಬಿಡಲಿಲ್ಲ, ಮಗಾ ನೀನು ಮಲಗು, ಮಲಗಿದೆ, ಫ್ಯಾನು ನೋಡುತ್ತ ಮಲಗಿದೆ, ವಿಶ್ರಾಂತಿಯಷ್ಟು ಸುಸ್ತಿನ ಕೆಲಸ ಬೇರೆ ಇಲ್ಲ, ಎದ್ದಾಗ ಮೈಯೆಲ್ಲ ಹೊಡೆದು ಹಾಕಿದ ಹಾಗೆ. ಸಮಾಧಿಗೆ ಕಲ್ಲು ಮಾಡಿಸುವಾಗಲೂ ಅದೇ ಮಾತು, ದಣಿದವರು, ಹೊರೆ ಹೊತ್ತವರು ತನ್ನ ಬಳಿಗೆ ಬಂದರೆ ವಿಶ್ರಾಂತಿ ಕೊಡುತ್ತೇನೆಂದು ಬೈಬಲಿನಲ್ಲಿ ಸ್ವಾಮಿ ಹೇಳಿದ್ದು, ನಮ್ಮವರ ಕಲ್ಲುಗಳಲ್ಲಿ ಎರಡಕ್ಕೊಂದು ಕಲ್ಲಿನಲ್ಲಿ ಅದೇ ಇದೆ, ಕೆತ್ತುವವನು ಮಾವನಿಗೆ ಹೇಳಿದ, ಇಷ್ಟೇ ಹಿಡಿಯುವುದು ಜಾರ್ಜಣ್ಣ, ಮುಂದಿನದ್ದೂ ಬೇಕಾದರೆ ಅಕ್ಷರ ಸಣ್ಣ ಮಾಡ್ಬೇಕು, ಸಣ್ಣ ಮಾಡಿದರೆ ಒಂದೇ ಮಳೆಗೆ ಪಾಚಿ ತುಂಬ್ತದೆ, ಮಾವ ಹೇಳಿದರು, ಹಾಗಾದರೆ ಅಲ್ಲಿಗೇ ನಿಲ್ಲಿಸು, ವಿಶ್ರಾಂತಿ ಬಂತಲ್ಲ. ಹಾಗೆ ನಿಲ್ಲಿಸಿದರು. ನಾನು ಪ್ರತಿ ಭಾನುವಾರ ಹೋಗಿ ಆ ಅರ್ಧ ವಾಕ್ಯದ ಎದುರು ನಿಲ್ಲುತ್ತಿದ್ದೆ, ಬಂದೆನಲ್ಲ, ಕೊಡು, ಎಂದು ನಿಲ್ಲುತ್ತಿದ್ದೆ, ಒಂದು ದಿನ ಗ್ಲಾಡಿಸ್ ಆಂಟಿ ತನ್ನ ಗಂಡನ ಕಲ್ಲಿನ ಪಾಚಿ ಉಜ್ಜುತ್ತ ತಲೆಯೆತ್ತದೆ ಕೇಳಿದರು, ಉಳಿದ ಅರ್ಧ ಎಲ್ಲಿಗೆ ಹೋಯಿತು ನಿಮ್ಮದು. ಉಳಿದರ್ಧದಲ್ಲಿ ಇರುವುದು ನೊಗ. ತನ್ನ ನೊಗ ಹೊತ್ತುಕೊಳ್ಳಿ, ತನ್ನಿಂದ ಕಲಿಯಿರಿ ಎಂಬುದು, ಪ್ರಾಣಕ್ಕೆ ವಿಶ್ರಾಂತಿ ಸಿಗುವುದು ಆಮೇಲೆ. ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿದವಳು ನಾನು, ಎಂ.ಎ. ಮಾಡಿದವಳು, ವಾಕ್ಯ ಎಲ್ಲಿ ಮುಗಿಯುತ್ತದೆಂದು ನೋಡಿಯೇ ಇರಲಿಲ್ಲ.

ಬೆಳಿಗ್ಗೆ ಗಂಜಿಗೆ ಬರಲಾ ಎಂದು ಕೇಳಿದ್ದಕ್ಕೆ ಆಂಟಿ ಉಜ್ಜುವುದನ್ನು ನಿಲ್ಲಿಸಿರಲಿಲ್ಲ, ದಿನಾ ಬರುವುದಾದರೆ ಬಾ, ಮನಸ್ಸು ಬಂದಾಗ ಬರುವುದಾದರೆ ಬೇಡ, ಅಂಥವರು ನಮ್ಮಲ್ಲಿ ತುಂಬ ಇದ್ದಾರೆ. ನನಗೆ ಆ ಮಾತು ಸಾಕಾಯಿತು. ಮನಸ್ಸು ನನ್ನಲ್ಲಿ ಇರಲಿಲ್ಲ, ಯಾವತ್ತು ಬರುತ್ತದೆಂದು ಕಾಯುವ ಕೆಲಸ ತಪ್ಪಿತು, ಸ್ವಾಮಿಯನ್ನು ಹಿಂಬಾಲಿಸುವುದಕ್ಕೆ ಕಾಲು ಸಾಕು ಎಂದು ತಿಳಿದ ಮೇಲೆ ಎಷ್ಟೋ ಹಗುರ. ಪ್ರಾರ್ಥನೆಯೂ ಹಾಗೆ, ಮುಂಚೆ ಮಾತು ಸಿಗದೆ ಎದ್ದುಬಿಡುತ್ತಿದ್ದೆ, ಈಗ ಕತ್ತಲೆ ಇರುವಾಗಲೇ ಎದ್ದು ಮಂಡಿಯೂರಿ ಬಂದೆ ಎನ್ನುತ್ತೇನೆ, ಅಷ್ಟೇ, ಮನೆಗೆ ಬಂದವರು ಜಗಲಿಯಿಂದ ಹೇಳುವ ಹಾಗೆ, ಒಳಗಿನಿಂದ ಉತ್ತರ ಕೇಳಿಸುವುದಿಲ್ಲ, ಆದರೆ ಬಾಗಿಲು ತೆರೆದಿದೆ, ಅದು ನನಗೆ ಗೊತ್ತು, ಅನಿಸುವುದು ಬೇರೆ, ಗೊತ್ತಿರುವುದು ಬೇರೆ. ಮಾವ ಬೇಸರಪಟ್ಟರು, ಜನ ಎಂತ ಹೇಳ್ತಾರೆ, ಲೆಕ್ಚರರು ಹೋಗಿ ಆಸ್ಪತ್ರೆ ಗೇಟಲ್ಲಿ ಸೌಟು ಹಿಡಿಯುವುದಾ, ಈಗ ಅವರೇ ಅಲಾರಂ ಇಡುತ್ತಾರೆ, ಏಳು ಮಗಾ, ವ್ಯಾನು ಬರ್ತದೆ. ಇಲ್ಲಿ ಗೇಟಿನಲ್ಲಿ ಪಾತ್ರೆ ಖಾಲಿ. ಆ ಹುಡುಗಿಗೆಂದು ಒಂದು ಟಿಫಿನ್ ಕ್ಯಾರಿಯರ್ ಬೇರೆ ತೆಗೆದಿಟ್ಟಿದ್ದಾರೆ. ಗ್ಲೆನ್ ಕೊಡುವಾಗ ಮತ್ತೆ ಕೆಮ್ಮುತ್ತಾನೆ, ನಾನು ಮೆಟ್ಟಿಲಿನವರೆಗೆ ಬರಲಾ, ಬೇಡ, ನೀನು ಪಾತ್ರೆ ತೊಳಿ ಎನ್ನುತ್ತೇನೆ.

ಗೇಟು ದಾಟಿದ್ದು ತಿಳಿಯಲೇ ಇಲ್ಲ. ಲಿಫ್ಟು ಸ್ಟ್ರೆಚರಿನವರಿಗೆ, ಮೆಟ್ಟಿಲು ನಮಗೆ, ಫಿನಾಯಿಲಿನ ವಾಸನೆ, ತಿರುವಿನಲ್ಲಿ ಅದೇ ಒಡೆದ ಟೈಲು, ಅದನ್ನು ನೋಡಿಕೊಂಡು ಆಗ ಇಳಿದಿದ್ದೆ, ಕೈಯಲ್ಲಿ ಅವನ ವಾಚು, ಈಗ ಕೈಯಲ್ಲಿ ಗಂಜಿ, ಬಿಸಿ ಇರುವಾಗ ಮುಟ್ಟಿಸಬೇಕು, ನಿಲ್ಲಲು ಸಮಯವಿಲ್ಲ, ಬಂದೆ, ಬಂದೆ, ಒಂದೊಂದು ಮೆಟ್ಟಿಲಿಗೂ ಬಂದೆ. ಮೂರನೇ ಮಾಳಿಗೆ. ಬಾಗಿಲು, ಬಾಗಿಲ ಮೇಲಿನ ಕೆಂಪು ದೀಪ, ಗೋಡೆಗೆ ತಾಗಿ ಕುರ್ಚಿಗಳು, ಕೊನೆಯದರಲ್ಲಿ ಅವಳು, ಕಪ್ಪು ಬುರ್ಖಾ, ಬೂದಿ ಬಣ್ಣದ ಸ್ಕಾರ್ಫು, ಕೆನ್ನೆಯ ಹತ್ತಿರ ಹಸಿರು ಮಣಿಯ ಪಿನ್ನು, ಕಣ್ಣು ಬಾಗಿಲಿಗೆ ಅಂಟಿದೆ, ನಾನು ಕೂತಿದ್ದ ಹಾಗೆಯೇ ಕೂತಿದ್ದಾಳೆ, ಬೆನ್ನು ಕುರ್ಚಿಗೆ ತಾಗಿಸದೆ. ಗಂಜಿ ತಂದಿದ್ದೇನೆ, ಗ್ಲಾಡಿಸ್ ಆಂಟಿ ಇವತ್ತು ಬಂದಿಲ್ಲ ಎನ್ನುತ್ತೇನೆ. ಆ ಅಜ್ಜಿಗೆ ಎಂತಾಯ್ತು ಎನ್ನುತ್ತಾಳೆ, ಮೊಣಕಾಲು, ಪಾಪ ನನ್ನಿಂದಾಗಿ ಮೆಟ್ಟಿಲು ಹತ್ತಿ ಹತ್ತಿ. ಕ್ಯಾರಿಯರ್ ಬಿಚ್ಚಿ ಚಮಚ ಅವಳ ಕೈಗೆ ಕೊಡುತ್ತೇನೆ. ಹೆಸರು ನಜ್ಲಾ, ಕಾಟಿಪಳ್ಳದವಳು, ಒಳಗಿರುವುದು ಹಿಶಾಮ್, ಕೆಲಸದ ಕಡೆ ಬಿದ್ದದ್ದು, ತಲೆಗೆ ಪೆಟ್ಟು, ಅತ್ತೆ ಮಗುವನ್ನು ಕರೆದುಕೊಂಡು ಮನೆಗೆ ಹೋಗಿದ್ದಾರೆ, ನಾನು ಕೇಳಿಲ್ಲ, ಅವಳೇ ಹೇಳುತ್ತಿದ್ದಾಳೆ, ಕಣ್ಣು ಬಾಗಿಲಿನಿಂದ ತೆಗೆಯದೆ, ಡಾಕ್ಟ್ರು ನೋಡುವ ಅಂತ ಹೇಳಿದ್ದಾರೆ. ನೋಡುವ. ನನಗೂ ಇಲ್ಲೇ ಹೇಳಿದ್ದ ಮಾತು. ಅಕ್ಕ, ನಿಮ್ಮವರು ಯಾರು ಒಳಗೆ. ಈಗ ಯಾರೂ ಇಲ್ಲ. ಮುಂಚೆ ಇದ್ರಾ. ಇದ್ರು, ನನ್ನ ಗಂಡ. ಈಗ ಕಣ್ಣು ನನ್ನ ಕಡೆ ತಿರುಗುತ್ತದೆ, ಪಿನ್ನಿನ ಮಣಿಯಲ್ಲಿ ಆ ಕೆಂಪು ದೀಪ ಸಣ್ಣದಾಗಿ ಹೊಳೆಯುತ್ತದೆ, ಹುಷಾರಾದ್ರಾ.

ಹೌದು ಎಂದರೆ ಅವಳು ಊಟ ಮಾಡುತ್ತಾಳೆ. ಒಂದೇ ಶಬ್ದ, ಕರುಣೆಯ ಶಬ್ದ, ಯಾರಿಗೆ ನಷ್ಟ, ಇಲ್ಲಿ ಕೂತಿದ್ದಾಗ ನನಗೆ ಎಷ್ಟೋ ಜನ ಕೊಟ್ಟಿದ್ದರು, ಎಲ್ಲ ಸರಿಯಾಗ್ತದೆ, ದೇವರಿದ್ದಾನೆ, ಕೊಟ್ಟು ಅವರು ಇಳಿದುಹೋದರು, ನಾನು ಮತ್ತೂ ಒಬ್ಬಳೇ ಆದೆ. ಆದರೆ ಇಲ್ಲ ಎಂದರೆ — ಇವಳ ಕೈಯಿಂದ ಚಮಚ ಬೀಳಬಹುದು, ಇವಳು ನನ್ನನ್ನು ಅಪಶಕುನವೆಂದು ಓಡಿಸಬಹುದು, ಹೇಗೆ ಹೇಳಲಿ ಎಂದು ಕೇಳಿಕೊಳ್ಳುತ್ತೇನೆ, ಒಳಗೆ, ಸ್ವಾಮಿಯನ್ನೇ, ನೊಗದಲ್ಲಿ ಜೊತೆಗೆ ನಿಂತ ಅವನು ಸುಳ್ಳಿನ ಕಡೆಗೆ ನಡೆಯುವುದಿಲ್ಲ ಎಂಬುದು ಗೊತ್ತು, ನೊಗಕ್ಕೆ ಕೊರಳು ಕೊಟ್ಟ ಮೇಲೆ ಒಬ್ಬಳೇ ಪಕ್ಕಕ್ಕೆ ತಿರುಗಲಾಗುವುದಿಲ್ಲ. ಇಲ್ಲ ನಜ್ಲಾ, ಹುಷಾರಾಗ್ಲಿಲ್ಲ. ನಿಮ್ಮವರದ್ದು ಬೇರೆ, ಅದು ನನಗೆ ಗೊತ್ತಿಲ್ಲ. ಚಮಚ ಬೀಳುವುದಿಲ್ಲ. ಮತ್ತೆ ನೀವು ಇಲ್ಲಿಗೆ ಹೇಗೆ ಬಂದ್ರಿ ಅಕ್ಕ. ಮೆಟ್ಟಿಲು ಹತ್ತಿ. ಅವಳ ತುಟಿಯ ಕೊನೆ ಸ್ವಲ್ಪ ಅಲುಗುತ್ತದೆ, ನಗುವಲ್ಲ, ನಗು ಇದ್ದ ಜಾಗ, ಮತ್ತೆ ಒಂದು ಚಮಚ, ಇನ್ನೊಂದು, ಚಟ್ನಿ ಖಾರ ಉಂಟು ಎನ್ನುತ್ತಾಳೆ, ಮಾಡಿದ್ದು ಗಂಡಸು ಎನ್ನುತ್ತೇನೆ. ನಿದ್ದೆ ಮಾಡದೆ ಎಷ್ಟಾಯಿತು. ಗೊತ್ತಿಲ್ಲ ಅಕ್ಕ, ಮಲಗ್ಲಿಕ್ಕೆ ಹೆದರಿಕೆ, ಹಿಶಾಮ್ ಕಡೆಯವರು ಯಾರು ಅಂತ ಕರೆದಾಗ ನಾನು ಕೇಳದಿದ್ರೆ. ಇದು ನನಗೆ ಗೊತ್ತಿರುವ ಭಯ, ಇದರ ಒಂದೊಂದು ಎಳೆಯೂ ಗೊತ್ತು, ಆಗ ನನಗೆ ಬೇಕಿದ್ದದ್ದು ವಾಕ್ಯವಲ್ಲ, ಹೂವಲ್ಲ, ಬಾಗಿಲು ನೋಡಿಕೊಳ್ಳುವ ಒಬ್ಬರು. ನೀವು ಮಲಗಿ, ಬಾಗಿಲು ನಾನು ನೋಡ್ತೇನೆ, ಕರೆದ್ರೆ ನಾನು ಎಬ್ಬಿಸ್ತೇನೆ. ನಿಮಗೆ ಕೆಲಸ ಇಲ್ವಾ. ಉಂಟು, ಇದು.

ಅವಳು ಬೆನ್ನು ಕುರ್ಚಿಗೆ ತಾಗಿಸುತ್ತಾಳೆ, ಕೂಡಲೇ ನಿದ್ದೆ, ತಲೆ ಜಾರಿ ನನ್ನ ಹೆಗಲಿಗೆ ಬರುತ್ತದೆ, ಭಾರ, ನಿದ್ದೆ ಹಿಡಿದ ತಲೆ ಎಷ್ಟು ಭಾರ, ಕಾಲೇಜಿಗೆ ಫೋನು ಮಾಡಬೇಕು, ಮೊದಲ ಪೀರಿಯಡ್ ಬೇರೆಯವರು ತೆಗೆದುಕೊಳ್ಳಲಿ, ಫೋನು ಬ್ಯಾಗಿನಲ್ಲಿದೆ, ಬ್ಯಾಗು ಕಾಲ ಬಳಿ, ಬಗ್ಗಿದರೆ ಎದ್ದುಬಿಡುತ್ತಾಳೆ, ಬಗ್ಗುವುದಿಲ್ಲ. ಬಾಗಿಲು ನೋಡುತ್ತೇನೆ. ಅದೇ ಬಾಗಿಲು, ಇವತ್ತು ಬರೀ ಬಾಗಿಲು, ಕಾಯಲು ಕೊಟ್ಟ ಬಾಗಿಲು. ಅವಳ ಉಸಿರು ಏರುತ್ತದೆ, ಇಳಿಯುತ್ತದೆ, ನನ್ನದೂ ಅದರ ಜೊತೆ ಏರಿ ಇಳಿಯುತ್ತದೆ, ಇದೇನು, ಎದೆಯೊಳಗೆ ಯಾರೋ ಹೊರೆ ಇಳಿಸಿ ಕೂತ ಹಾಗೆ, ಇಷ್ಟು ಭಾರ ಹೊತ್ತಿರುವಾಗ, ಹೊತ್ತಿರುವಾಗಲೇ — ಸ್ಕಾರ್ಫಿನ ಪಿನ್ನು ಅಡ್ಡ ತಿರುಗಿದೆ, ಮೊನೆ ನನ್ನ ಕುರ್ತಾ ದಾಟಿ ಕೊರಳ ಮೂಳೆಯ ಮೇಲೆ, ಚುಚ್ಚುತ್ತಿದೆ, ಗುಳ್ಳೆ ನೋಡಿ ತಿಳಿದದ್ದಲ್ಲ, ಕಣ್ಣು ಬಾಗಿಲ ಮೇಲಿದೆ, ನೋಡದೆಯೇ ತಿಳಿಯುತ್ತಿದೆ, ನೋಯುತ್ತಿದೆ, ನನಗೆ ನೋಯುತ್ತಿದೆ, ಸರಿಪಡಿಸುವುದಿಲ್ಲ, ಅಲುಗುವುದಿಲ್ಲ, ಅವಳು ಮಲಗಲಿ, ಪಿನ್ನು, ಆ ಸಣ್ಣ ಪಿನ್ನಿನ ಮೊನೆ