ಕರೆದರೂ ಏಳದವಳು

ಶಿಫಾ ಕನಸಿನ ಹುಡುಗಿ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವಳ ತಾಯಿ ನಫೀಸಾ ಈ ಮಾತನ್ನು ಬೈಗುಳವಾಗಿಯೇ ಆಡುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ನೋಡುತ್ತಿರು ಎಂದರೆ ಹುಡುಗಿ ನಿಜಕ್ಕೂ ನೋಡುತ್ತಲೇ ನಿಂತಿರುತ್ತಿದ್ದಳು. ಹಾಲು ಮಾತ್ರ ಉಕ್ಕಿ ಒಲೆಯನ್ನೆಲ್ಲ ತೋಯಿಸುತ್ತಿತ್ತು. ಮೀನು ತೊಳೆಯಲು ಕೊಟ್ಟರೆ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡುತ್ತಿದ್ದಳು. ಇಂಥವಳು ಶಾಲೆ ಮುಗಿಸಿ, ಒಂದು ದಿನ ಊಟಕ್ಕೆ ಕೂತಾಗ ತಾನು ನರ್ಸಿಂಗ್ ಓದುತ್ತೇನೆ ಎಂದುಬಿಟ್ಟಳು. ಮಲೇಷಿಯಾದ ಸೈಬರ್‌ಜಯಾ ಊರಿನ ಅವರ ಏಳನೇ ಮಹಡಿಯ ಮನೆಯಲ್ಲಿ ನಫೀಸಾ ನಕ್ಕ ನಗು ಲಿಫ್ಟಿನವರೆಗೂ ಕೇಳಿಸಿರಬೇಕು.

"ನಿನ್ನನ್ನ ನೋಡ್ಕೊಳ್ಳೋಕೇ ಒಬ್ಬಳು ನರ್ಸ್ ಬೇಕಲ್ಲೇ!"

ಅಪ್ಪ ಮಕ್ಬೂಲ್ ಕ್ಲಾಂಗ್ ಬಂದರಿನ ಕಂಟೇನರ್ ಕಂಪನಿಯೊಂದರಲ್ಲಿ ಎಂಜಿನಿಯರು. ಅವನು ನಗಲಿಲ್ಲ. "ಕಂಪ್ಯೂಟರ್ ತಗೋ ಬೇಟಾ. ಮನೆ ಎದುರಿಗೇ ಇಷ್ಟೊಂದು ಆಫೀಸು ಇದಾವೆ, ರೋಡು ದಾಟಿದ್ರೆ ಕೆಲಸ" ಎಂದ.

"ಬಟ್ ಐ ವಾಂಟ್ ಟು ಡೂ ದಿಸ್, ಅಬ್ಬಾ" ಎಂದಳು ಶಿಫಾ. ತಂದೆತಾಯಿಯ ದಾವಣಗೆರೆ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷು. ಟೀವಿಯಲ್ಲಿ ದಿನ ಬೆಳಗಾದರೆ ಕೊರೋನಾ ವಾರ್ಡಿನ ಬಿಳಿ ಸೂಟು ತೊಟ್ಟ ನರ್ಸುಗಳನ್ನು ಕೊಂಡಾಡುತ್ತಿದ್ದ ಕಾಲವದು. ಅದನ್ನು ಕಂಡು ಹುಟ್ಟಿದ ಆಸೆಯೋ, ತನ್ನೊಳಗಿನದೇ ಆಸೆಯೋ ಎಂದು ಅವಳಿಗೇ ಅನುಮಾನ. ಆದರೂ ಹಟ ಹಿಡಿದು ಅರ್ಜಿ ಹಾಕಿದಳು. ಗುರುವಾರ ಮಧ್ಯಾಹ್ನ ಮೂರಕ್ಕೆ ಲ್ಯಾಪ್‌ಟಾಪಿನಲ್ಲೇ ಸಂದರ್ಶನ ಎಂದು ಕಾಲೇಜಿನಿಂದ ಉತ್ತರ ಬಂತು.

ಆ ದಿನ ಹತ್ತಿರವಾಗುತ್ತಿದ್ದಂತೆ ಕೊರೋನಾ ಮನೆ ಹೊಕ್ಕಿತು. ಮೊದಲು ಮಕ್ಬೂಲ್‌ಗೆ, ಅವನನ್ನು ಕ್ವಾರಂಟೈನ್ ಕೇಂದ್ರಕ್ಕೆ ಕರೆದೊಯ್ದರು. ಆಮೇಲೆ ನಫೀಸಾಗೆ ಜ್ವರ, ಕೆಮ್ಮು. ಆಸ್ಪತ್ರೆಗಳೆಲ್ಲ ತುಂಬಿ ತುಳುಕುತ್ತಿದ್ದ ದಿನಗಳು. ಮನೆಯಲ್ಲೇ ಇರಿ, ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಿರಿ, ತೊಂಬತ್ತೈದಕ್ಕಿಂತ ಕೆಳಗಿಳಿದರೆ ತಕ್ಷಣ ತಿಳಿಸಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ತಾಯಿ ಮಗಳಿಬ್ಬರ ಮಣಿಕಟ್ಟಿಗೂ ಗುಲಾಬಿ ಬಣ್ಣದ ಪಟ್ಟಿ ಬಿತ್ತು. ಇನ್ನು ಹೊಸ್ತಿಲು ದಾಟುವಂತಿಲ್ಲ.

ಹೊರಗೆ ಊರು ಹಗಲಲ್ಲೇ ನಿದ್ದೆಹೋದಂತಿತ್ತು. ಕಾರುಗಳಿಗೆಂದೇ ಕಟ್ಟಿದ ಅಗಲ ರಸ್ತೆಗಳಲ್ಲಿ ಕಾರುಗಳಿರಲಿಲ್ಲ. ಕೋತಿಗಳು ಸಂಸಾರ ಸಮೇತ ನಡುರಸ್ತೆಯಲ್ಲಿ ವಾಕಿಂಗ್ ಹೊರಟಿದ್ದವು. ಎದುರಿನ ಡೇಟಾ ಸೆಂಟರಿನ ಗುಂಯ್ ಎಂಬ ಸದ್ದು ಗೋಡೆಯೊಳಗಿಂದಲೇ ಬರುವಂತೆ ಕೇಳುತ್ತಿತ್ತು. ಮೇಲಿನ ಮನೆಯ ಉಷಾ ಆಂಟಿ ರಸಂ ಅನ್ನ ತಂದು ಬಾಗಿಲಲ್ಲಿಟ್ಟು, ಬೆಲ್ ಒತ್ತಿ ಮಾಯವಾಗುತ್ತಿದ್ದಳು. ಶಿಫಾಗೆ ಎಲ್ಲವೂ ನೀರಿನೊಳಗೆ ನಡೆದಂತೆ ಅನ್ನಿಸುತ್ತಿತ್ತು. ಆದರೆ ಗಂಜಿ, ಬಿಸಿನೀರು, ಮಾತ್ರೆ ಎಲ್ಲ ಹೊತ್ತುಹೊತ್ತಿಗೆ ಕೊಟ್ಟಳು. ಪರವಾಗಿಲ್ಲವೇ ನಾನು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಬುಧವಾರ ಬೆಳಿಗ್ಗೆ ನಫೀಸಾ ಹಾಸಿಗೆಯಲ್ಲೇ ವಾಂತಿ ಮಾಡಿಕೊಂಡಳು. ಗಂಜಿಯ ಬಟ್ಟಲು ಹಿಡಿದು ಬಂದ ಶಿಫಾ ಅದನ್ನು ಕಂಡಳು, ವಾಸನೆ ಮೂಗಿಗೆ ಬಡಿಯಿತು. ಬಟ್ಟಲನ್ನು ಅಲ್ಲೇ ಕುಕ್ಕಿ ಬಾಲ್ಕನಿಗೆ ಓಡಿಹೋದಳು. ಕಂಬಿ ಹಿಡಿದು ಉಸಿರೆಳೆದುಕೊಂಡು ತಿರುಗಿ ಬರುವಷ್ಟರಲ್ಲಿ ನಫೀಸಾ ತಾನೇ ಹಾಸಿಗೆಯ ಬಟ್ಟೆ ಎಳೆದು, ನೆಲದ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತಿದ್ದಳು.

"ಹೋಗ್ಲಿ ಬಿಡು" ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಬಟ್ಟೆ ಒಗೆಯುತ್ತಾ ಬಚ್ಚಲಲ್ಲಿ ಶಿಫಾ ಬಿಕ್ಕಿಬಿಕ್ಕಿ ಅತ್ತಳು. ಹೆತ್ತ ತಾಯಿಯದನ್ನೇ ಸಹಿಸಲಾರದವಳು ಊರವರದನ್ನು ಬಳಿಯುತ್ತಾಳೆಯೇ? ನಾಳೆ ಕಾಲೇಜಿನವರ ಮುಂದೆ ಕೂತು ಸೇವೆ ಗೀವೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಕ್ಷಮಿಸಿ, ಇದು ನನ್ನ ಕೈಲಾಗದು ಎಂದು ಹೇಳಿ ಕೈಮುಗಿದುಬಿಡುತ್ತೇನೆ ಎಂದು ತೀರ್ಮಾನಿಸಿದಳು. ತೀರ್ಮಾನವಾದ ಮೇಲೂ ಮನಸ್ಸು ಹಗುರವಾಗಲಿಲ್ಲ.

ಗುರುವಾರ ಊಟದ ಹೊತ್ತು ಕಳೆದ ಮೇಲೆ ಇಸ್ತ್ರಿ ಮಾಡಿದ ಬಿಳಿ ಬ್ಲೌಸು ತೊಟ್ಟು, ಬೂದು ಬಣ್ಣದ ಸ್ಕಾರ್ಫ್ ಸುತ್ತಿಕೊಂಡಳು. ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಕಾಯುತ್ತಿರಿ, ಕರೆಯುತ್ತೇವೆ ಎಂದು ಪರದೆ ಹೇಳಿತು. ಅಷ್ಟರಲ್ಲಿ ಒಮ್ಮೆ ನೋಡಿಬರೋಣ ಎಂದು ಕೋಣೆಗೆ ಹೋದಳು.

ನಫೀಸಾ ಎದ್ದು ಕೂತು ಕೆಮ್ಮುತ್ತಿದ್ದಳು. ಮಲಗಿದರೆ ಸಾಕು ಕೆಮ್ಮು ಒತ್ತಿಕೊಂಡು ಬರುತ್ತಿದ್ದುದರಿಂದ ಅವಳು ಕಣ್ಣು ಮುಚ್ಚಿ ದಿನಗಳಾಗಿದ್ದವು. ಕೆಮ್ಮಿ ಕೆಮ್ಮಿ ಓಕರಿಸಿದಳು. ಓಡಬೇಕೆಂದು ಶಿಫಾಗೆ ಇವತ್ತೂ ಅನ್ನಿಸಿತು, ಸುಳ್ಳೇಕೆ ಹೇಳಬೇಕು? ವಾಕರಿಕೆಯೂ ಬಂತು. ಆದರೆ ಕೈ ಅದಾಗಲೇ ಅಮ್ಮನ ಹಣೆಯನ್ನು ಹಿಡಿದಾಗಿತ್ತು, ಹಿಡಿದ ಮೇಲೆ ಬಿಡಲಾಗಲಿಲ್ಲ. ಅಮ್ಮ ಓಕರಿಸಿದಾಗ ಮಗಳೂ ಓಕರಿಸುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಇಸ್ತ್ರಿಯ ಬ್ಲೌಸಿನ ಮೇಲೆಲ್ಲ ಆಗುತ್ತಿದ್ದರೂ ಹಾಗೇ ಹಿಡಿದು ಕೂತಳು. ಬಾಯಿ ಒರೆಸಿದಳು, ಬೆನ್ನು ನೀವಿದಳು. ದಣಿದ ನಫೀಸಾ ಮಗಳ ಹೆಗಲಿಗೆ ತಲೆಯಾನಿಸಿದಳು.

ಹಾಗೇ ನಿದ್ದೆಹೋದಳು.

ಕೂತಲ್ಲೇ, ಹೆಗಲ ಮೇಲೆ, ಮಗುವಿನ ಹಾಗೆ. ಮೊದಲು ಗೊರಗೊರ ಎನ್ನುತ್ತಿದ್ದ ಉಸಿರು ಬರುಬರುತ್ತಾ ಸಲೀಸಾಯಿತು. ಬೆರಳಿನ ಯಂತ್ರದಲ್ಲಿ ತೊಂಬತ್ತೈದರ ಅಂಚಿಗೆ ಬಂದು ನಿಂತಿದ್ದ ಅಂಕಿ ಒಂದು ಮೆಟ್ಟಿಲು ಏರಿತು, ಇನ್ನೊಂದು ಏರಿತು. ಶಿಫಾ ಅದನ್ನೇ ನೋಡುತ್ತಾ ಕೂತಳು. ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಅಮ್ಮನ ಬೆನ್ನೂ ಉಬ್ಬಿ ಇಳಿಯುತ್ತಿತ್ತು. ಯಾವುದು ಯಾವುದರ ಉಸಿರೆಂದು ತಿಳಿಯದ ಹಾಗೆ ಕೋಣೆಯೇ ಮೆಲ್ಲಗೆ ತೂಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಾಲು ಜೋಮು ಹಿಡಿದು, ಬೇಸರ ಬಂದು ಅಲುಗಾಡುತ್ತಿದ್ದರು. ಸುಮ್ಮನೆ ಕೂತು ನೋಡುವುದು ಈ ಹುಡುಗಿಗೆ ಹುಟ್ಟಿನಿಂದಲೇ ಬಂದದ್ದು. ಇಷ್ಟೇನಾ ಇದು ಎಂದು ಅವಳಿಗೆ ಆಶ್ಚರ್ಯವಾಯಿತು. ಓಕರಿಕೆ ಬಂದರೂ ಇರುವುದು, ಆಮೇಲೂ ಇರುವುದು. ಇಷ್ಟಾದರೆ ತನ್ನ ಕೈಲಾಗುತ್ತದೆ. ಆಗುತ್ತದೆ ಮಾತ್ರವಲ್ಲ, ಇದೇ ಬೇಕು.

"ಮಿಸ್ ಶಿಫಾ?" ಎಂದಿತು ನಡುಮನೆಯ ಲ್ಯಾಪ್‌ಟಾಪಿನಿಂದ ಒಂದು ದನಿ. "ಮಿಸ್ ಶಿಫಾ, ಆರ್ ಯೂ ದೇರ್?"

ಬೇಡವೆನ್ನಲು ಹೊರಟವಳಿಗೆ ಬೇಕೆಂದು ಗೊತ್ತಾದದ್ದು ಈಗ, ಕರೆ ಬಂದದ್ದೂ ಈಗಲೇ. ಎದ್ದರೆ ಅಮ್ಮ ಎಚ್ಚರವಾಗುತ್ತಾಳೆ. ಕೂಗಿದರೂ ಅಷ್ಟೇ. ಎಚ್ಚರವಾದರೆ ಮತ್ತೆ ಆ ಕೆಮ್ಮು.

"ಹಲೋ? ಕ್ಯಾನ್ ಯೂ ಹಿಯರ್ ಅಸ್?"

ಕೇಳುತ್ತಿದೆ, ಚೆನ್ನಾಗಿ ಕೇಳುತ್ತಿದೆ ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಹೊರಗಿನ ದನಿಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು. "ನೋ ಶೋ ಲಾ. ನೆಕ್ಸ್ಟ್" ಎಂದು ಇನ್ನೊಂದು ದನಿ, ಆ ಊರಿನ ಧಾಟಿಯಲ್ಲಿ, ಅವಳನ್ನು ಗೈರುಹಾಜರಿಗೆ ಸೇರಿಸಿತು. ಟಿಣ್ ಎಂದು ಸದ್ದಾಗಿ ಕರೆ ಕಡಿದುಹೋಯಿತು. ಶಿಫಾ ಹೆಗಲು ಅಲುಗದ ಹಾಗೆ, ತುಟಿ ಕಚ್ಚಿಕೊಂಡು ಅತ್ತಳು.

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳಿದಾಗ ನಫೀಸಾ ಕಣ್ಣು ಬಿಟ್ಟಳು. ಮುಖಕ್ಕೆ ತುಸು ಗೆಲುವು ಬಂದಿತ್ತು.

"ಕನಸಲ್ಲಿ ಯಾರೋ ನಿನ್ನ ಹೆಸರು ಕೂಗ್ತಿದ್ರು ಕಣೇ" ಎಂದವಳು ಮಗಳ ಬ್ಲೌಸು, ಸ್ಕಾರ್ಫ್ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. "ಅಯ್ಯೋ ಅಲ್ಲಾ! ಅದು ಕನಸಲ್ಲವಾ? ನೀನು ಎದ್ದು ಹೋಗಲಿಲ್ವಾ?"

"ಯೂ ವರ್ ಸ್ಲೀಪಿಂಗ್, ಅಮ್ಮೀ."

"ನನ್ನ ನಿದ್ದೆಗೆ ಬೆಂಕಿ ಬೀಳ್ಲಿ! ಸೀಟು ಹೋಯ್ತಲ್ಲೇ ಹುಚ್ಚಿ!"

ನರ್ಸಿಂಗ್ ಎಂದಾಗ ಹೊಟ್ಟೆ ಹಿಡಿದು ನಕ್ಕಿದ್ದವಳು ಈಗ ಮಗಳಿಗಿಂತ ಹೆಚ್ಚು ಸಂಕಟಪಟ್ಟಳು. ಮುಂದಿನ ವರ್ಷ ಹಾಕುತ್ತೇನೆ, ಅದರ ಮುಂದಿನ ವರ್ಷವೂ ಹಾಕುತ್ತೇನೆ, ನಾನು ಇದನ್ನೇ ಓದುವುದು ಎಂದು ಶಿಫಾ ಇಂಗ್ಲಿಷಿನಲ್ಲಿ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಕಾಲೇಜಿನ ನಂಬರು ಹಚ್ಚಿಸಿ, ಫೋನು ಕಿತ್ತುಕೊಂಡಳು. ಅತ್ತ ಯಾರೋ ಹೆಂಗಸು ಎತ್ತಿಕೊಂಡಳು. ನಫೀಸಾಳ ಇಂಗ್ಲಿಷು ತರಕಾರಿ ಅಂಗಡಿಯ ಮಟ್ಟದ್ದು, ಉಸಿರಂತೂ ಎರಡು ಮಾತಿಗೊಮ್ಮೆ ತುಂಡಾಗುತ್ತಿತ್ತು.

"ಹಲೋ ಮೇಡಂ... ಮೈ ಡಾಟರ್, ಶಿಫಾ... ತ್ರೀ ಓ ಕ್ಲಾಕ್ ಇಂಟರ್‌ವ್ಯೂ." ಕೆಮ್ಮು ಬಂತು, ತಡೆದುಕೊಂಡಳು. "ಡೋಂಟ್ ರೈಟ್ ಆಬ್ಸೆಂಟ್, ಪ್ಲೀಸ್. ಐ ಆ್ಯಮ್ ದಿ ಪೇಷಂಟ್, ಮೇಡಂ... ಶೀ ವಾಸ್ ಆನ್ ಡ್ಯೂಟಿ."