ತಿಪ್ಪವ್ವನ ಬಾಗಿಲು ಕಾದ ಕಾಗದದ ಹುಂಜ

ನಾನು ಒಂದು ಕಾಗದದ ಹುಂಜ. ಆಟಿಕೆ ಎಂದು ಯಾರಾದರೂ ಕೈಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹುಟ್ಟಿದ್ದು ಆಡಲಿಕ್ಕಲ್ಲ, ದುಡಿಯಲಿಕ್ಕೆ.

ಗದಗಿನ ಒಂದು ಓಣಿಯಲ್ಲಿ ತಿಪ್ಪವ್ವ ಮನೆಯಲ್ಲೇ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಾಳೆ. ಅವಳು ಹೊಲಿದ ಪುಸ್ತಕದ ಹೊಲಿಗೆ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಆದರೆ ಮೂರು ವರ್ಷದಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಹಗಲಲ್ಲಿ ಮಗ ಬಸಲಿಂಗ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ, ಸೊಸೆ ಕಸ್ತೂರಿ ಅಂಗನವಾಡಿಗೆ ಹೋಗುತ್ತಾರೆ. ಬಾಗಿಲು ಹಾಕಿಕೊಂಡರೆ ಬಡಿದದ್ದು ಕೇಳದು. ತೆರೆದಿಟ್ಟರೆ ಓಣಿಯ ಆಡು ನುಗ್ಗುತ್ತದೆ. ಒಂದು ಆಡಂತೂ ಶಾಲೆಯ ಹಾಜರಿ ಪುಸ್ತಕದ ಜುಲೈ ತಿಂಗಳನ್ನು ಪೂರ್ತಿ ತಿಂದು ಹೋಗಿತ್ತು.

ಒಂದು ದಿನ ಹೈಸ್ಕೂಲಿನ ಜವಾನ ನಲವತ್ತು ರಿಜಿಸ್ಟರು ಹೊತ್ತು ತಂದು, ಅರ್ಧ ತಾಸು ಬಿಸಿಲಲ್ಲಿ ನಿಂತು, ಬೈದುಕೊಂಡು ಬೇರೆ ಕಡೆ ಹೋದ. ಬಸಲಿಂಗನಿಗೆ ತಲೆ ಕೆಟ್ಟಿತು. ಅವ್ವನಿಗೆ ಏನಾದರೂ ಹೇಳಬೇಕಾದರೆ ರದ್ದಿ ಕಾಗದದ ಮೇಲೆ ಬರೆಯಬೇಕು. ಅವನು ಬರೆದ: "ಸಾಕು ಯವ್ವಾ. ಹುಬ್ಬಳ್ಳಿಗೆ ಅಕ್ಕನ ಮನಿಗೆ ಹೋಗಿ ಆರಾಮ ಇರು."

ತಿಪ್ಪವ್ವ ಅದನ್ನು ಓದಿ, ಅದೇ ಕಾಗದವನ್ನು ಒಂದು ಪುಸ್ತಕದ ಬೆನ್ನಿಗೆ ಅಂಟಿಸಿಬಿಟ್ಟಳು. ಆದರೆ ಆ ಹೊತ್ತು ಊಟ ಮಾಡಲಿಲ್ಲ.

ಅದನ್ನು ನೋಡಿ ಕಸ್ತೂರಿ ನನ್ನನ್ನು ಮಾಡಲು ಕೂತಳು. ಅಂಗನವಾಡಿ ಮಕ್ಕಳಿಗೆ ಕಾಗದದ ಗಿಳಿ, ದೋಣಿ ಮಾಡಿ ಪಳಗಿದ ಕೈ. ಕಾಗದದ ಗೊಂಬೆಯಲ್ಲಿ ಸೆಲ್ಲಿನಿಂದ ದೀಪ ಹೊತ್ತಿಸುವುದನ್ನು ಫೋನಿನಲ್ಲಿ ನೋಡಿ ಕಲಿತಳು. ಪುಸ್ತಕಕ್ಕೆ ಕತ್ತರಿಸಿ ಉಳಿದ ರಟ್ಟು ನನ್ನ ಎದೆಯಾಯಿತು, ಮಾರ್ಬಲ್ ಕಾಗದದ ಚೂರುಗಳು ರೆಕ್ಕೆಯಾದವು. ಜುಟ್ಟಿಗೆ ದೀಪಾವಳಿ ಸರದಿಂದ ಕಿತ್ತ ಕೆಂಪು ದೀಪ, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್ಲು. ಕರೆಂಟ್ ಹರಿಯಲು ಚಪಾತಿ ಸುತ್ತುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳನ್ನು ಅಂಟಿಸಿದಳು. ಬಾಗಿಲ ಹೊರಗೆ ಮಡಿಸಿದ ರಟ್ಟಿನ ಒಂದು ಗುಂಡಿ. ಅದನ್ನು ಒತ್ತಿದರೆ, ಒಳಗೆ ತಿಪ್ಪವ್ವನ ಕಣ್ಣೆದುರು ಕೂತ ನನ್ನ ಜುಟ್ಟು ತಂತಿಯ ಮೂಲಕ ಹೊತ್ತಬೇಕು. ಮೊದಲ ದಿನ ಚೆನ್ನಾಗಿಯೇ ಹೊತ್ತಿತು.

"ಭಾನುವಾರ ನಾನ ಬಂದು ಒತ್ತತೇನಿ. ಅವ್ವ ಬಾಗಿಲಾ ತಗದ್ರ ಇಲ್ಲೇ ಇರ್ಲಿ. ಇಲ್ಲಂದ್ರ ಹುಬ್ಬಳ್ಳಿ" ಎಂದ ಬಸಲಿಂಗ.

ಭಾನುವಾರ ಬಂತು. ಕಸ್ತೂರಿ ಗಂಡನ ಪಕ್ಕದಲ್ಲಿ ಹೊರಗೆ ನಿಂತಳು. ತಿಪ್ಪವ್ವ ಒಳಗೆ ನನ್ನ ಜುಟ್ಟನ್ನೇ ನೋಡುತ್ತ ಕೂತಳು. ಅವನು ಒತ್ತಿದ, ಮತ್ತೆ ಮತ್ತೆ ಒತ್ತಿದ. ನಾನು ಹೊತ್ತಲಿಲ್ಲ. ಅಂಥ ನಾಚಿಕೆ ನನ್ನ ಶತ್ರುವಿಗೂ ಬೇಡ.

ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಒಳಗೆ ಬಂದ ಬಸಲಿಂಗ ಕೇಳಿದ: "ಎಲ್ಲಿ ಹೊತ್ತೈತಿ ನಿಮ್ಮ ಹುಂಜ? ಹುಬ್ಬಳ್ಳಿಗೆ ಟಿಕೀಟ್ ನಾನ ಹರೀತೇನಿ."

"ಇನ್ನೊಂದು ವಾರ ಕೊಡ್ರಿ" ಎಂದಳು ಕಸ್ತೂರಿ. ಅವಳ ಕಣ್ಣು ತುಂಬಿತ್ತು. ಹೊಸ ಸೆಲ್ಲು ಹಾಕಿದಳು. ಆಗಲೂ ನನ್ನಲ್ಲಿ ಜೀವ ಬರಲಿಲ್ಲ.

ಆಗ ತಿಪ್ಪವ್ವ ಎದ್ದು ಬಂದು ಚಾಕುವಿನಿಂದ ನನ್ನ ಹೊಟ್ಟೆ ಸೀಳಿದಳು. ಬೆಳ್ಳಿ ಪಟ್ಟಿಯ ತುಂಬ ತೂತು, ತೂತಿನ ಸುತ್ತ ಕೆಂಪು ಕಲೆ. ಅವಳು ಬೆರಳಿನಿಂದ ಉಜ್ಜಿ, ಮೂಸಿ ನೋಡಿದಳು.

"ನೀ ಯಾಕ ಅಳ್ತಿ? ಇದು ನನ್ನ ಅಂಟಿನ ಕೆಲಸ" ಎಂದಳು, ಓಣಿಗೆಲ್ಲ ಕೇಳುವಂತೆ. "ಮೈಲುತುತ್ತ ಐತಿ ಅದರಾಗ. ಬೆಳ್ಳಿ ಹಾಳಿ ತಿಂದುಬಿಟ್ಟೈತಿ."

ನಿಜ. ಹುಳ ತಿನ್ನಬಾರದೆಂದು ಬೈಂಡಿಂಗಿನವರು ಮೈದಾ ಅಂಟಿಗೆ ಮೈಲುತುತ್ತದ ನೀಲಿ ಹರಳು ಕಲಸುತ್ತಾರೆ. ಕಸ್ತೂರಿ ಅತ್ತೆಯ ಡಬ್ಬಿಯ ಆ ಅಂಟನ್ನೇ ನನಗೆ ಬಳಿದಿದ್ದಳು. ಮೂವತ್ತು ವರ್ಷ ಪುಸ್ತಕ ಉಳಿಸಿದ ಅಂಟು ನನ್ನನ್ನು ನಾಲ್ಕು ದಿನದಲ್ಲಿ ಕೊಂದಿತ್ತು.

ತಿಪ್ಪವ್ವ ಬರೀ ಮೈದಾದ ಅಂಟು ಕಾಯಿಸಿದಳು. ಹೊಸ ಪಟ್ಟಿಗಳನ್ನು ದೂರ ದೂರ ಕೂರಿಸಿ, ತೂಕದ ಕೆಳಗೆ ಎರಡು ದಿನ ಒಣಗಿಸಿ ನನ್ನನ್ನು ಮತ್ತೆ ಹೊಲಿದಳು. ಎಷ್ಟು ನೇರ ಹೊಲಿಗೆ! ಸೊಸೆಗೆ ಹೊಳೆದದ್ದನ್ನು ಅತ್ತೆಯ ಕೈ ಗಟ್ಟಿ ಮಾಡಿತು. ಅಂಥ ಇಬ್ಬರ ಕೈಯಲ್ಲಿ ಹುಟ್ಟಿದೆನಲ್ಲ ಎಂದು ನನಗೆ ಈಗಲೂ ಸೊಕ್ಕು.

ಮುಂದಿನ ಭಾನುವಾರ ಬಸಲಿಂಗ ಗುಂಡಿಯ ಮೇಲೆ ಬೆರಳಿಟ್ಟ. ನನ್ನ ಜುಟ್ಟು ಕೆಂಡದಂತೆ ಹೊತ್ತಿತು. ಅವನು ಬೆರಳು ತೆಗೆಯುವ ಮೊದಲೇ ಬಾಗಿಲು ತೆರೆಯಿತು.

"ಎಷ್ಟ ಒತ್ತತಿ, ಕೈ ತಗಿ. ರಟ್ಟು ಹರದೀತು" ಎಂದಳು ತಿಪ್ಪವ್ವ.

ಬಸಲಿಂಗ ಕೈ ತೆಗೆದ.

ಅದಾಗಿ ಆರು ವರ್ಷ. ಮೈಲುತುತ್ತ ಇಲ್ಲದ ಅಂಟಲ್ಲವೇ, ಹುಳಗಳು ನನ್ನ ಬಾಲದಿಂದ ಊಟ ಶುರುಮಾಡಿವೆ. ಒಂದು ರೆಕ್ಕೆ ಆಗಲೇ ಹೋಯಿತು. ತಿನ್ನಲಿ. ಜುಟ್ಟು ಹೊತ್ತದೆ ನೂರು ವರ್ಷ ಕಪಾಟಿನಲ್ಲಿ ಕೂರುವುದಕ್ಕಿಂತ ಇದೇ ವಾಸಿ. ಜುಟ್ಟು ಇನ್ನೂ ಗಟ್ಟಿಯಾಗಿದೆ. ಇವತ್ತು ಬೆಳಿಗ್ಗೆ ಮೂರು ಸಲ ಹೊತ್ತಿದೆ. ಮೂರು ಸಲವೂ ತಿಪ್ಪವ್ವನೇ ಎದ್ದು ಹೋಗಿ ಬಾಗಿಲು ತೆರೆದಳು.